ಜೇಬಿಲ್ಲದ ಪೈಜಾಮ ಹೊಲಿಯುವ ಟೇಲರ್

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಓಣಿಯಲ್ಲಿ ಒಂದೇ ಮಷೀನ್ ಇಟ್ಟುಕೊಂಡು ಕೂರುವ ಟೇಲರ್ ಚಾಚಾ ಬಗ್ಗೆ ಇದು. ಮದುವೆ ಸೂಟು ಬೇಕಿದ್ದರೆ ಬೇರೆ ಕಡೆ ಹೋಗಿ. ನಾನು ಹೊಲಿಸಿದ್ದು ಮೂರು ಜೊತೆ ಕಾಟನ್ ಪೈಜಾಮ, ಅಂಗಿ.

“ಜೇಬು ಬ್ಯಾಡ, ಜಿಪ್ ಬ್ಯಾಡ, ಇಲಾಸ್ಟಿಕ್ಕೂ ಬ್ಯಾಡ ಚಾಚಾ” ಅಂದೆ. ಕನ್ನಡಕ ಮೇಲೆತ್ತಿ ನೋಡಿದರು. “ಜೈಲಿಗಿ ಹೊಂಟೀರೇನ್ರಿ?”

ಸುಮಾರು ಹಾಗೇ ಅನ್ನಿ. ನಾನು ಸಮುದ್ರದಲ್ಲಿ ಪೈಪ್‌ಲೈನ್ ಕೆಲಸ ಮಾಡುವ ಡೈವರ್. ಆಳದಲ್ಲಿದ್ದಾಗ ಮೈಯಲ್ಲಿ ನೈಟ್ರೋಜನ್ ಕರಗಿರುತ್ತದೆ. ಸರ್ರನೆ ಮೇಲೆ ಬಂದರೆ ಅದೇ ಗುಳ್ಳೆಯಾಗಿ ಕೀಲು, ನರ ಹಿಡಿಯುತ್ತದೆ. ಅದಕ್ಕೇ ನಡುನಡುವೆ ನಿಂತು ನಿಧಾನಕ್ಕೆ ಏರಬೇಕು. ಹಾಗಂತ ಪೂರ್ತಿ ಹೊತ್ತು ಅಲೆಯಲ್ಲಿ, ಚಳಿಯಲ್ಲಿ ನೇತಾಡೋಕಾಗಲ್ಲ. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂತ ಹೇಳುವ ಅಮೆರಿಕ ನೌಕಾಪಡೆಯ ಟೇಬಲ್ ಪ್ರಕಾರ 40 ಅಡಿವರೆಗಿನ ನಿಲುಗಡೆ ನೀರಲ್ಲೇ ಮುಗಿಸುತ್ತೇವೆ. ಅಲ್ಲಿಂದ ಒಂದೇ ನಿಮಿಷದಲ್ಲಿ ಮೇಲೆ. ಹೆಲ್ಮೆಟ್, ಸೂಟು ಕಿತ್ತು ಡೆಕ್ ಮೇಲಿನ, ಗಾಳಿ ತುಂಬಿ ಒತ್ತಡ ಏರಿಸುವ ಉಕ್ಕಿನ ಚೇಂಬರ್‌ಗೆ ನುಗ್ಗಬೇಕು. 40 ಅಡಿ ಬಿಟ್ಟ ಗಳಿಗೆಯಿಂದ ಚೇಂಬರ್ ಒತ್ತಡ 50 ಅಡಿ ಆಳದಲ್ಲಿರುವಷ್ಟಕ್ಕೆ ಏರುವ ತನಕ ಒಟ್ಟು 5 ನಿಮಿಷ. ಮೈ ಒರೆಸಿಕೊಂಡು ಪೈಜಾಮ ಏರಿಸೋದೂ ಅದರಲ್ಲೇ! ಆಮೇಲೆ ಮಾಸ್ಕಿನಲ್ಲಿ ಶುದ್ಧ ಆಕ್ಸಿಜನ್. 50 ಅಡಿಯಲ್ಲಿ 15 ನಿಮಿಷ, ಮುಂದೆ 40 ಅಡಿಯಲ್ಲಿ. ಪ್ರತಿ 30 ನಿಮಿಷಕ್ಕೆ 5 ನಿಮಿಷ ಬರೀ ಗಾಳಿ.

ಮಾಸ್ಕ್ ಸ್ವಲ್ಪ ಸೋರಿದರೂ ಒಳಗೆ ಆಕ್ಸಿಜನ್ ಏರುತ್ತದೆ. 25 ಶೇಕಡಾ ದಾಟಬಾರದು. ಅಂಥ ಕಡೆ ಒಂದು ಕಿಡಿ ಸಾಕು, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಜೇಬಿದ್ದರೆ ಯಾರೋ ಒಬ್ಬ ಲೈಟರ್ ಮರೆತು ಬರ್ತಾನೆ.

ಇಷ್ಟು ಹೇಳಿದ್ದಕ್ಕೆ ಚಾಚಾ, “ಒದ್ದಿ ಮೈಮ್ಯಾಲ ಹಾಕ್ಕೋತೀರಂದ್ರ ಕಾಲು ಅಗಲ ಇಡ್ತೀನಿ ತಗೋರಿ” ಅಂದರು. ನನಗೇ ಹೊಳೆದಿರಲಿಲ್ಲ. ಲಾಡಿಯನ್ನೂ ಅಗಲ ಮಾಡಿದ್ದಾರೆ, ನಡುಗುವ ಬೆರಳಿಗೂ ಸಿಗುತ್ತದೆ.

ತಕರಾರೂ ಇದೆ. ಮೊದಲ ಜೊತೆಗೆ ಮಾಮೂಲಿ ದಾರವನ್ನೇ ಹಾಕಿದ್ದರು. ಒಂದೆಳೆ ಕಿತ್ತು ಕಡ್ಡಿ ಗೀರಿದೆ. ಸಾಸಿವೆಯಷ್ಟು ಕರಿ ಗಂಟಾಗಿ ಮುದುಡಿತು. ಕಾಟನ್ ಆಗಿದ್ದರೆ ಬೂದಿ ಆಗಬೇಕಿತ್ತು, ಅಲ್ವಾ? ಚಾಚಾ ಮಾತಾಡದೆ ಪೂರ್ತಿ ಬಿಚ್ಚಿ ಕಾಟನ್ ರೀಲಲ್ಲಿ ಹೊಲಿದರು, ಜಾಸ್ತಿ ದುಡ್ಡು ಕೇಳಲಿಲ್ಲ. ಇನ್ನೊಂದರ ಅಂಚಲ್ಲಿ ಮಷೀನ್ ಎಣ್ಣೆಯ ಕಲೆ. ಆಕ್ಸಿಜನ್ ಇರುವಲ್ಲಿ ಎಣ್ಣೆ ಅಂದರೆ ನಮಗೆ ಹಾವು ಕಂಡ ಹಾಗೆ. ಬಿಸಿನೀರು, ಸೋಪು ಹಾಕಿ ಮೂರು ಸಲ ತಿಕ್ಕಿದೆ. ಹೇಳಿದ ದಿನಕ್ಕೂ ಕೊಡಲಿಲ್ಲ, ನಾಲ್ಕು ದಿನ ತಡ.

ಒಂದು ಜೊತೆ ಹೊಲಿಯೋಕೆ 400 ರೂಪಾಯಿ, ಬಟ್ಟೆ ನಮ್ಮದೇ. ಕೋರಾ ಬಟ್ಟೆ ಆದರೆ ಮೊದಲು ನೆನೆಸಿ ಒಣಗಿಸಿ ಕೊಡಿ. ನಾನು ಕೊಟ್ಟಿರಲಿಲ್ಲ, ಒಂದು ಪೈಜಾಮ ಈಗ ಮೊಣಕಾಲ ಹತ್ತಿರ ನಿಂತಿದೆ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ಬಾಗಿಲು ಹಾಕಿರುತ್ತದೆ.