ಆಶ್‌ಫರ್ಡ್ ಕಪ್ಪುಕಲ್ಲಿನ ಪೇಪರ್‌ವೇಟ್: ಹೂವಿಗಿಂತ ಮೊದಲು ಸಂದು ನೋಡಿ

ಬಣ್ಣದ ಕಲ್ಲು ಕೂರಿಸಿದ ಹಳೆಯ ಪೇಪರ್‌ವೇಟ್‌ಗಳನ್ನು ಸಂಗ್ರಹಿಸಲು ಹೊರಟವರು ಮೊದಲು ಕೊಳ್ಳಬೇಕಾದ್ದು ಇಂಗ್ಲೆಂಡಿನ ಡರ್ಬಿಶೈರ್‌ನ ಆಶ್‌ಫರ್ಡ್ ಕಪ್ಪುಕಲ್ಲಿನದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಫ್ಲಾರೆನ್ಸ್‌ನವು ಇನ್ನೂ ನಯ, ಆಗ್ರಾದವು ನಮಗೆ ಹತ್ತಿರ, ನಿಜ. ಆದರೆ ಆ ಎರಡೂ ಊರುಗಳಲ್ಲಿ ಕೆಲಸ ಇಂದಿಗೂ ನಡೆದೇ ಇದೆ, ಹಾಗಾಗಿ ಹೊಸದನ್ನು ಹಳೆಯದೆಂದು ಸಾಗಹಾಕುವವರೂ ಇದ್ದಾರೆ. ಆಶ್‌ಫರ್ಡ್ ಕಲ್ಲಿನ ಗಣಿ 20ನೇ ಶತಮಾನದ ಆರಂಭದಲ್ಲೇ ಮುಚ್ಚಿತು. ಕಲ್ಲೇ ಹಳೆಯದಾದ್ದರಿಂದ ಹೊಸಬರಿಗೆ ಮೋಸದ ಭಯ ಅಷ್ಟರಮಟ್ಟಿಗೆ ಕಡಿಮೆ.

ಇದನ್ನು ಮಾರ್ಬಲ್ ಎಂದೇ ಮಾರುತ್ತಾರೆ. ಅಸಲಿಗೆ ಇದು ಡಾಂಬರಿನಂಥ ಅಂಶ ಸೇರಿದ ಸುಣ್ಣದಕಲ್ಲು. ಗಣಿಯಿಂದ ಬಂದಾಗ ಬೂದು ಬಣ್ಣ, ಹೊಳಪು ಕೊಟ್ಟ ಮೇಲೆ ಕನ್ನಡಿಯಂಥ ಕಪ್ಪು. ಆಶ್‌ಫರ್ಡ್-ಇನ್-ದ-ವಾಟರ್ ಎಂಬ ಹಳ್ಳಿಯಲ್ಲಿ 1748ರಲ್ಲಿ ಹೆನ್ರಿ ವಾಟ್ಸನ್ ನೀರಿನ ಬಲದಿಂದ ಕಲ್ಲು ಕೊಯ್ದು ಹೊಳಪು ಕೊಡುವ ಗಿರಣಿ ಹಾಕಿದ. ಹೂವಿನ ಕೆಲಸ ಬೆಳೆದದ್ದು 19ನೇ ಶತಮಾನದಲ್ಲಿ. ಡೆವನ್‌ಶೈರ್‌ನ 6ನೇ ಡ್ಯೂಕ್ ಚಾಟ್ಸ್‌ವರ್ತ್ ಮನೆಯಲ್ಲಿದ್ದ ತನ್ನ ಫ್ಲಾರೆನ್ಸ್ ಸಂಗ್ರಹವನ್ನು ಸ್ಥಳೀಯ ಕುಶಲಕರ್ಮಿಗಳಿಗೆ ಮಾದರಿಯಾಗಿ ತೋರಿಸಿದ. 1851ರ ಲಂಡನ್ ಮಹಾಪ್ರದರ್ಶನದ ಹೊತ್ತಿಗೆ ಈ ಕೆಲಸಕ್ಕೆ ದೊಡ್ಡ ಹೆಸರಿತ್ತು. ಮೇಜು, ಹೂದಾನಿಗಳ ಜೊತೆಗೆ ಪ್ರವಾಸಿಗರ ಕೈಗೆಟಕುವಂತೆ ಮಾಡಿದ ಸಣ್ಣ ಸಾಮಾನುಗಳಲ್ಲಿ ಪೇಪರ್‌ವೇಟೂ ಒಂದು.

ಫ್ಲಾರೆನ್ಸ್‌ನಲ್ಲಿ 1588ರಲ್ಲಿ ಮೆದಿಚಿ ಮನೆತನದ ಫೆರ್ಡಿನಾಂಡೊ ಸ್ಥಾಪಿಸಿದ ಕಾರ್ಯಾಗಾರದ ಪದ್ಧತಿಯಲ್ಲಿ ಚೂರುಗಳನ್ನು ಒಂದರ ಅಂಚಿಗೆ ಇನ್ನೊಂದು ತಾಗುವಂತೆ ಜೋಡಿಸುತ್ತಾರೆ. ಮರದ ಬಿಲ್ಲಿಗೆ ಕಟ್ಟಿದ ಕಬ್ಬಿಣದ ತಂತಿ, ಜೊತೆಗೆ ಒದ್ದೆ ಎಮರಿ ಪುಡಿ, ಇದೇ ಗರಗಸ. ಅಂಚನ್ನು ಒಳಮುಖವಾಗಿ ಓರೆಯಾಗಿ ಕೊಯ್ಯುವುದರಿಂದ ಮೇಲೆ ಸಂದು ಕೂದಲೆಳೆಯಷ್ಟೂ ಕಾಣದು, ಅಡಿಯಲ್ಲಿ ಅಂಟಿಗೆ ಜಾಗ ಉಳಿಯುತ್ತದೆ. ಡರ್ಬಿಶೈರ್‌ನವರು ಹಾಗಲ್ಲ, ಕಪ್ಪು ಹಲಗೆಯಲ್ಲೇ ಹೂವಿನ ಆಕಾರದ ಗುಳಿ ತೋಡಿ ಅದರೊಳಗೆ ಚೂರು ಕೂರಿಸುತ್ತಿದ್ದರು. ಆಗ್ರಾದ ಕಲ್ಲು ಕೂರಿಸುವ ಕೆಲಸವಾದ ಪರ್ಚೀನ್‌ಕಾರಿಯೂ ಇದೇ ಬಗೆ, ನೆಲ ಮಾತ್ರ ಬಿಳಿ. ಗುಳಿ ಎಲ್ಲಿ ಒಂದಿಷ್ಟು ದೊಡ್ಡದಾಯಿತೋ ಅಲ್ಲಿ ಅಂಟಿನ ಗೆರೆ ಕಾಣುತ್ತದೆ. ಕೆಲಸಗಾರನ ಕೈ ಎಂಥದು ಎಂದು ಹೇಳುವುದು ಈ ಗೆರೆಯೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ದಳದ ತುದಿಗಳನ್ನು ನೋಡಿ. ಅಗಲ ದಳದ ಸುತ್ತ ಎಲ್ಲರೂ ಚೆನ್ನಾಗಿ ಮಾಡುತ್ತಾರೆ, ಚೂಪು ತುದಿಯಲ್ಲಿ ಮತ್ತು ತೆಳು ಕಾಂಡದಲ್ಲಿ ಗುಟ್ಟು ಹೊರಬೀಳುತ್ತದೆ.

ಒಳ್ಳೆಯ ಮಾದರಿಯಲ್ಲಿ ಮ್ಯಾಲಕೈಟ್ ಎಲೆಯನ್ನು ಹತ್ತಿರದಿಂದ ನೋಡಬೇಕು. ಆ ಹಸಿರು ಕಲ್ಲಿನೊಳಗೆ ತಿಳಿ ಮತ್ತು ಗಾಢ ಪಟ್ಟೆಗಳಿರುತ್ತವೆ. ಪಳಗಿದ ಕೈ ಪಟ್ಟೆಗಳು ಎಲೆಯ ಉದ್ದಕ್ಕೆ ಓಡುವಂತೆ ಕಲ್ಲನ್ನು ತಿರುಗಿಸಿ ಕೊಯ್ದಿರುತ್ತದೆ. ನರಗಳನ್ನು ಬೇರೆ ಕೆತ್ತುವ ಪ್ರಮೇಯವೇ ಇಲ್ಲ. ಅವಸರದ ಕೆಲಸದಲ್ಲಿ ಅದೇ ಪಟ್ಟೆಗಳು ಅಡ್ಡಡ್ಡ ಹೋಗಿ ಎಲೆ ಸತ್ತಂತೆ ಕಾಣುತ್ತದೆ. ಡರ್ಬಿಶೈರ್‌ನದೇ ಕ್ಯಾಸಲ್‌ಟನ್ ಬಳಿಯ ನೇರಳೆ-ಹಳದಿ ಪಟ್ಟೆಯ ಬ್ಲೂ ಜಾನ್ ಕಲ್ಲಿನ ಚೂರು ಇದ್ದರೆ ಅದು ಬೋನಸ್. ಅದಕ್ಕಾಗಿ ಕೆಟ್ಟ ಸಂದುಗಳನ್ನು ಮಾತ್ರ ಒಪ್ಪಿಕೊಳ್ಳಬೇಡಿ.

ಆಮೇಲೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಲ್ಮೈಗೆ ಸಮನಾಗಿ ಮಲಗಿಸಿ ಬೆಳಕು ಬಿಡಿ. ಸುಣ್ಣದಕಲ್ಲಿನ ಗಡಸುತನ ಮೋಸ್ ಮಾಪನದಲ್ಲಿ ಸುಮಾರು 3, ಮ್ಯಾಲಕೈಟ್ 3.5ರಿಂದ 4, ಬ್ಲೂ ಜಾನ್ 4. ಹತ್ತಿರ ಹತ್ತಿರದ ಗಡಸುತನವಾದ್ದರಿಂದ ಇವೆಲ್ಲ ಒಟ್ಟಿಗೆ ಸವೆದು ಒಂದೇ ಮಟ್ಟಕ್ಕೆ ಹೊಳಪು ಪಡೆಯುತ್ತವೆ, ಉಗುರು ಎಳೆದರೆ ಎಲ್ಲೂ ತಡೆಯುವುದಿಲ್ಲ. ಫ್ಲಾರೆನ್ಸ್‌ನ ಅಗೇಟ್, ಜ್ಯಾಸ್ಪರ್‌ಗಳ ಗಡಸುತನ 7ರ ಆಸುಪಾಸು. ಅಂಥದ್ದನ್ನು ಈಚೆಗೆ ಯಾರಾದರೂ ಯಂತ್ರದ ಬಟ್ಟೆಚಕ್ರಕ್ಕೆ ಕೊಟ್ಟಿದ್ದರೆ ಕಪ್ಪು ನೆಲ ತಗ್ಗಿ ಹೂವು ಉಬ್ಬಿರುತ್ತದೆ. ಹಾಗೆ ಮತ್ತೆ ಹೊಳಪು ಹಾಕಿಸಿದ ಮಾಲನ್ನು ನಾವು ತೆಗೆದುಕೊಳ್ಳುವುದಿಲ್ಲ. ಗೀರು ಬಿದ್ದ ಮೂಲ ಮೇಲ್ಮೈಯೇ ಎಷ್ಟೋ ಮೇಲು.

ತೂಕವೂ ನೋಡಿ. 10 x 7.5 x 2.5 ಸೆಂಟಿಮೀಟರ್‌ನ ತುಂಡು ಅಸಲಿ ಕಲ್ಲಾದರೆ 500 ಗ್ರಾಂ ಆಸುಪಾಸು ತೂಗಬೇಕು. ಅದಕ್ಕಿಂತ ತೀರಾ ಹಗುರವಾಗಿದ್ದರೆ ರೆಸಿನ್ ಇದ್ದೀತೆಂದು ಅನುಮಾನಿಸಿ. ಆಗ್ರಾದ ಮಾಲಿಗೆ ಈ ಪರೀಕ್ಷೆ ಸಾಲದು, ಏಕೆಂದರೆ ಅಲ್ಲಿ ಬಿಳಿ ಮಾರ್ಬಲ್ ಹೆಸರಿನಲ್ಲಿ ಬಳಪದ ಕಲ್ಲು ಬರುತ್ತದೆ, ತೂಕದಲ್ಲಿ ಎರಡೂ ಒಂದೇ. ಬಳಪದ ಕಲ್ಲಿನ ತಳದಲ್ಲಿ ಉಗುರಿನಿಂದ ಗೀರಿದರೆ ಗುರುತು ಬೀಳುತ್ತದೆ, ರಾಜಸ್ಥಾನದ ಅಸಲಿ ಮಕ್ರಾನಾ ಮಾರ್ಬಲ್ ಮೇಲೆ ಬೀಳುವುದಿಲ್ಲ.

ಬಿದ್ದುಹೋದ ದಳದ ಜಾಗಕ್ಕೆ ಬಣ್ಣದ ಮೇಣ ತುಂಬಿರುವುದು ಈ ಸಾಮಾನಿನ ಸಾಮಾನ್ಯ ಕಾಯಿಲೆ. ಅತಿನೇರಳೆ ಟಾರ್ಚ್ ಹಿಡಿದರೆ ಅಂಟಾಗಿ ಬಳಸಿದ ಅರಗು ಕಿತ್ತಳೆಯಾಗಿಯೂ ಹೊಸ ಎಪಾಕ್ಸಿ ಅಂಟು ನೀಲಿ-ಬಿಳಿಯಾಗಿಯೂ ಮಿನುಗುತ್ತದೆ, ರಿಪೇರಿ ಆದ ಜಾಗ ತಾನೇ ಎದ್ದು ಕಾಣುತ್ತದೆ. ಗೀರು ಮುಚ್ಚಲು ಕಪ್ಪು ಪಾಲಿಶ್ ಬಳಿದಿದ್ದರೆ ಬಿಳಿ ಹತ್ತಿಬಟ್ಟೆಯಿಂದ ಉಜ್ಜಿ ನೋಡಿ, ಬಟ್ಟೆಗೆ ಹತ್ತುತ್ತದೆ. ತಳದಲ್ಲಿ ಹೊಸ ಹಸಿರು ಬಟ್ಟೆ ಅಂಟಿಸಿದ್ದರೆ ಅಂಚು ಎತ್ತಿ ತೋರಿಸಿ ಎಂದು ಕೇಳಿ, ಬಿರುಕು ಅಡಗುವುದೇ ಅಲ್ಲಿ. ಒಂದು ದಳ ಇಲ್ಲದ್ದಕ್ಕೆ ಪೂರ್ತಿ ಇರುವುದರ ಅರ್ಧಕ್ಕಿಂತ ಹೆಚ್ಚು ಕೊಡುವುದು ನಮ್ಮ ಲೆಕ್ಕದಲ್ಲಿ ದಂಡ.

ಮನೆಗೆ ತಂದ ಮೇಲೆ ಒಂದೇ ಕಟ್ಟುನಿಟ್ಟು: ಹುಳಿ ತಾಗಬಾರದು. ನಿಂಬೆ, ಹುಣಸೆ, ವಿನೆಗರ್, ಪಾತ್ರೆ ಬೆಳಗುವ ಹುಳಿ ಪುಡಿ ಯಾವುದು ಬಿದ್ದರೂ ಸುಣ್ಣದಕಲ್ಲು ಕರಗಿ ಕಪ್ಪಿನ ಮೇಲೆ ಬೂದು ಕಲೆ ನಿಲ್ಲುತ್ತದೆ, ಒರೆಸಿದರೆ ಹೋಗದು. ಬಿಸಿನೀರಿಗೆ ಹಳೆಯ ಅಂಟು ಮೆತ್ತಗಾಗುತ್ತದೆ, ಸ್ಪಿರಿಟ್‌ಗೆ ಅರಗು ಕರಗುತ್ತದೆ. ಮೆದು ಬ್ರಷ್, ಹಿಂಡಿದ ಹತ್ತಿ, ಕೂಡಲೇ ಒಣಬಟ್ಟೆ, ಇಷ್ಟೇ ಸಾಕು. ನೀಲಿ ಹೂವಿನ ದಳ ಟರ್ಕಾಯ್ಸ್ ಆಗಿದ್ದರೆ ಎಣ್ಣೆಗೈ ಬೇಡ, ಅದು ಎಣ್ಣೆ ಹೀರಿ ಹಸಿರಿಗೆ ತಿರುಗುತ್ತದೆ. ಸಡಿಲವಾದ ಚೂರಿಗೆ ಕ್ಷಣದಲ್ಲಿ ಹಿಡಿಯುವ ಗೋಂದು ಹಾಕಲೇಬೇಡಿ. ಸುತ್ತಲೂ ಬಿಳಿ ಮಂಜು ಕಟ್ಟುತ್ತದೆ, ಕಪ್ಪು ನೆಲದಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಅದರ ಬದಲು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಬಳಸಿದರೆ ಮುಂದೆ ಬೇಕೆಂದಾಗ ಬಿಡಿಸಬಹುದು. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ತಳದ ಬಟ್ಟೆಗೆ ಬೂಷ್ಟು ಹಿಡಿಯದಂತೆ ಗಾಳಿಯಾಡುವಲ್ಲಿ ಇಡಬೇಕು.

ಕೊಳ್ಳುವ ಮೊದಲು ಕಣ್ಣು ಪಳಗಿಸಬೇಕೆನ್ನುವವರಿಗೆ ಡರ್ಬಿ ಮ್ಯೂಸಿಯಂನ ಸಂಗ್ರಹ ಇದೆ; ಬಕ್ಸ್‌ಟನ್ ಮ್ಯೂಸಿಯಂ ಕಟ್ಟಡ 2023ರಲ್ಲಿ ಮುಚ್ಚಿತು. ನಮ್ಮಲ್ಲಾದರೆ ಮೈಸೂರು ಅರಮನೆಯ ದರ್ಬಾರ್ ಹಾಲ್‌ನ ನೆಲದ ಕಲ್ಲು ಕೂರಿಸಿದ ಕೆಲಸವನ್ನು ಬಗ್ಗಿ ನೋಡಿ. ದಳದ ತುದಿಗಳನ್ನು ಅಲ್ಲಿ ಪುಕ್ಕಟೆ ಅಭ್ಯಾಸ ಮಾಡಬಹುದು, ಟಿಕೆಟ್ ದುಡ್ಡೊಂದು ಬಿಟ್ಟರೆ.

ವಿದೇಶದಲ್ಲಿರುವ ಕನ್ನಡಿಗರು ಒಂದು ಗಮನಿಸಿ. ಊರಿನ ಮನೆಯಲ್ಲಿರುವ ಆಗ್ರಾ ಪೇಪರ್‌ವೇಟ್‌ಗೆ ನೂರು ವರ್ಷ ತುಂಬಿದ್ದರೆ 1972ರ ಪುರಾವಸ್ತು ಕಾಯಿದೆ ಅದಕ್ಕೂ ಅನ್ವಯಿಸುತ್ತದೆ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ.