ಕೋಳಿಯ ಮೇವಿನ ಚೀಲ ಕಟ್ಟಿಕೊಂಡಾಗ: ಎಣ್ಣೆಯೋ, ಮಜ್ಜಿಗೆಯೋ, ತಲೆಕೆಳಗು ಹಿಡಿಯುವುದೋ?

ಬದಿಯಡ್ಕದ ಬಳಿಯ ನಮ್ಮ ತೋಟದ ಮನೆಯಲ್ಲಿ ಹತ್ತು ಹನ್ನೆರಡು ಕೋಳಿಗಳಿವೆ. ಕಳೆದ ಎರಡು ಮಳೆಗಾಲಗಳಲ್ಲಿ ಅವುಗಳಲ್ಲಿ ನಾಲ್ಕಕ್ಕೆ ಕೊರಳ ಬುಡದ ಮೇವಿನ ಚೀಲ ಕೆಟ್ಟು, ಊರಿನಲ್ಲಿ ಹೇಳುವ ಮದ್ದುಗಳನ್ನು ಒಂದೊಂದಾಗಿ ಮಾಡಿ ನೋಡಬೇಕಾಯಿತು.

ಸಂಜೆ ಆ ಚೀಲ ಉಬ್ಬಿರುವುದು ಕಾಯಿಲೆಯಲ್ಲ. ಮೇದು ಬಂದ ಕೋಳಿಗೆ ಅದು ತುಂಬಿಯೇ ಇರುತ್ತದೆ. ನಸುಕಿನಲ್ಲಿ ಗೂಡು ತೆರೆಯುವ ಮೊದಲು ಎದೆಯ ಮೇಲ್ಗಡೆ, ಕೋಳಿಯ ಬಲಬದಿಯಲ್ಲಿ ಮುಟ್ಟಿ ನೋಡಿದಾಗಲೂ ಅದು ಬರಿದಾಗಿರದಿದ್ದರೆ ಮಾತ್ರ ತೊಂದರೆಯಿದೆ ಎಂದರ್ಥ. ನಾದಿದ ಹಿಟ್ಟಿನಂತೆ ಗಟ್ಟಿಯಾಗಿದ್ದರೆ ಮೇವು ಕಟ್ಟಿಕೊಂಡಿದೆ. ನೀರು ತುಂಬಿದ ಬಲೂನಿನಂತೆ ಮೆತ್ತಗಿದ್ದು ಬಾಯಿಯಿಂದ ಹುಳಿ ವಾಸನೆ ಬರುತ್ತಿದ್ದರೆ ಒಳಗೆ ಹೆಚ್ಚಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದಿರುತ್ತದೆ.

ಮೊದಲ ಕೋಳಿಗೆ ನಾನು ಇದೇನನ್ನೂ ನೋಡಲಿಲ್ಲ. ನೆರೆಮನೆಯ ಅಕ್ಕ ಹೇಳಿದಂತೆ ಅದನ್ನು ತಲೆಕೆಳಗಾಗಿ ಹಿಡಿದು ಚೀಲವನ್ನು ಒತ್ತಿದೆ. ಹುಳಿನೀರು ಧಾರೆಯಾಗಿ ಬಂತು, ಗೆದ್ದೆನೆಂದುಕೊಂಡೆ. ಆದರೆ ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ಆ ನೀರು ಶ್ವಾಸಕೋಶಕ್ಕಿಳಿದು, ಅರ್ಧ ಗಂಟೆಯೊಳಗೆ ಅದು ಬಾಯಿ ತೆರೆದು ಏದುಸಿರು ಬಿಡುತ್ತಾ ಸತ್ತಿತು. ಬೇಗ ಫಲ ಕಾಣುವ ಉಪಾಯ ಇದೊಂದೇ, ಮತ್ತೆಂದೂ ಮಾಡದಿರುವುದೂ ಇದನ್ನೇ.

ಎರಡನೆಯದು ಗ್ರಾಮಶ್ರೀ ತಳಿಯ ಹೇಂಟೆ, ಚೀಲ ಗಟ್ಟಿ. ಒಂದು ಹಗಲು ಮೇವು ಕೊಡದೆ, ನೀರು ಮಾತ್ರ ಇಟ್ಟು, ಉಗುರುಬೆಚ್ಚಗಿನ ತೆಂಗಿನೆಣ್ಣೆಯನ್ನು ಡ್ರಾಪರಿನಿಂದ ಕೊಕ್ಕಿನ ಬದಿಯಲ್ಲಿ ಹನಿಹನಿಯಾಗಿ, ಅದು ತಾನೇ ನುಂಗುವಂತೆ, ಸುಮಾರು 2 ಮಿಲಿಲೀಟರ್ ಬಿಟ್ಟೆ. ಬಳಿಕ ಐದು ನಿಮಿಷ, ದಿನಕ್ಕೆ ನಾಲ್ಕು ಸಲ, ಮುದ್ದೆಯನ್ನು ಬೆರಳುಗಳಿಂದ ಮೆಲ್ಲಗೆ ಬಿಡಿಸಿದೆ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಸಂಜೆ ಮುದ್ದೆ ಒಡೆದದ್ದು ಬೆರಳಿಗೇ ತಿಳಿಯಿತು, ಮೂರನೆಯ ಬೆಳಗ್ಗೆ ಚೀಲ ಬರಿದಾಗಿತ್ತು. ಹಿಕ್ಕೆಯಲ್ಲಿ ಹುಲ್ಲಿನ ಎಳೆಗಳೊಡನೆ ತೆಂಗಿನ ನಾರೂ ಇತ್ತು. ಸಿಪ್ಪೆ ಸುಲಿಯುವ ಜಾಗದಲ್ಲಿ ಕೆದಕಿದ್ದರ ಫಲ.

ಮೂರನೆಯದಕ್ಕೆ ಚೀಲ ಮೆತ್ತಗೆ, ವಾಸನೆ ಹುಳಿ. ಎಣ್ಣೆ ಹಾಕಿ ತಿಕ್ಕಿದ್ದರಿಂದ ಇದಕ್ಕೆ ಯಾವ ಗುಣವೂ ಕಾಣಲಿಲ್ಲ. ಮಜ್ಜಿಗೆ ಕುಡಿಸಿದೆ; ಹಾಲಿನ ಸಕ್ಕರೆ ಕೋಳಿಗೆ ಸರಿಯಾಗಿ ಜೀರ್ಣವಾಗದ ಕಾರಣವೋ ಏನೋ, ಭೇದಿ ಮಾತ್ರ ಹೆಚ್ಚಿತು. ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ, ಅದನ್ನು ನೀರಿಗೆ ಬೆರೆಸಿ ಕುಡಿಸಬಹುದೆಂದು ಹೇಳುವವರೂ ಇದ್ದಾರೆ. ಅಳತೆ ಸ್ವಲ್ಪ ಮೀರಿದರೆ ಅದೇ ವಿಷವಾದ್ದರಿಂದ ನಾನು ಅದರ ತಂಟೆಗೆ ಹೋಗಲಿಲ್ಲ. ಕೊನೆಗೆ ಮೃಗಾಸ್ಪತ್ರೆಯ ವೈದ್ಯರು ಬರೆದುಕೊಟ್ಟ ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕ ದ್ರವದಿಂದಲೂ, ಶಿಲೀಂಧ್ರಕ್ಕೆ ಆಹಾರವಾಗುವ ಕುಚ್ಚಿಲಕ್ಕಿಯ ತಂಗಳನ್ನವನ್ನು ನಿಲ್ಲಿಸಿದ್ದರಿಂದಲೂ ಒಂದು ವಾರದಲ್ಲಿ ಗುಣವಾಯಿತು. ಖರ್ಚಿನಲ್ಲಿ ಎಣ್ಣೆಗೂ ಇದಕ್ಕೂ ಹೋಲಿಕೆಯೇ ಇಲ್ಲ, ಆದರೆ ಮೆತ್ತಗಿನ ಚೀಲಕ್ಕೆ ಮನೆಮದ್ದು ಹುಡುಕುತ್ತಾ ದಿನ ಕಳೆಯುವುದನ್ನು ನಾನು ಈಗ ಒಪ್ಪುವುದಿಲ್ಲ.

ಮಳೆಗೆ ಕೂಡಿಹಾಕಿದ ಕೋಳಿಗೆ ಹೊಟ್ಟೆಯಲ್ಲಿ ಕಾಳು ಅರೆಯಲು ಬೇಕಾದ ಹರಳು ಸಿಗುವುದಿಲ್ಲ, ಮೇವು ಚೀಲದಲ್ಲಿ ಕಟ್ಟಿಕೊಳ್ಳಲು ಅದೂ ಒಂದು ಕಾರಣ. ಮೊಟ್ಟೆಯ ಚಿಪ್ಪಿನ ಪುಡಿ ಹೊಟ್ಟೆಯಲ್ಲಿ ಕರಗಿಬಿಡುವುದರಿಂದ ಆ ಕೆಲಸಕ್ಕೆ ಬಾರದು. ತೋಡಿನ ಸಣ್ಣ ಹರಳುಗಳನ್ನು ತೊಳೆದು ಒಂದು ಗೆರಟೆಯಲ್ಲಿ ಇಡುತ್ತಿದ್ದೇನೆ.

ನಾಲ್ಕನೆಯದಕ್ಕೆ ಎರಡೂ ಚಿಕಿತ್ಸೆಗಳು ಅರ್ಧಕ್ಕೇ ನಿಂತವು. ಹಲವು ಸಲ ತುಂಬಿ ಹಿಗ್ಗಿದ ಆ ಚೀಲದ ಸ್ನಾಯು ಸಡಿಲಗೊಂಡು ಜೋತುಬಿದ್ದಿದೆ, ತಿಕ್ಕಿದರೆ ಇಳಿಯುತ್ತದೆ, ಮರುದಿನ ಮತ್ತೆ ಕೂಡುತ್ತದೆ. ಅದಕ್ಕೀಗ ಮದ್ದು ನಿಲ್ಲಿಸಿ, ನೆನೆಸಿದ ಮೇವನ್ನು ದಿನಕ್ಕೆ ಮೂರು ಸಲ ಒಂದೊಂದು ಹಿಡಿ ಮಾತ್ರ ಕೊಡುತ್ತಿದ್ದೇನೆ.