ಕ್ರಿಸ್ಮಸ್ ಊಟದ ಟೇಬಲ್‌ಗೆ "ಗೋಥಿಕ್ ಡೆಕೋರ್" ಬುಕ್ ಮಾಡೋರು ಅಡ್ವಾನ್ಸ್ ಹಾಕೋ ಮುಂಚೆ ಇದನ್ನ ಓದಿ

ಮೊದಲೇ ಹೇಳಿಬಿಡ್ತೀನಿ. ಇನ್‌ಸ್ಟಾಗ್ರಾಂನಲ್ಲಿ ಕಪ್ಪು ವೆಲ್ವೆಟ್, ಕಂಚಿನ ಕ್ಯಾಂಡಲ್ ಸ್ಟ್ಯಾಂಡ್, ಕಡುಗೆಂಪು ಗುಲಾಬಿ ಇರೋ ಚಂದದ ಫೋಟೋ ಹಾಕಿ "ಡಾರ್ಕ್ ಎಲಿಗೆಂಟ್ ಡಿನ್ನರ್ ಸೆಟಪ್" ಅಂತ ಮಾರ್ತಾರಲ್ಲ, ಆ ಫೋಟೋದಲ್ಲಿರೋ ಸಾಮಾನು ಅವರ ಗೋಡೌನ್‌ನಲ್ಲಿ ಇದೆಯಾ ಅಂತ ಕಣ್ಣಾರೆ ನೋಡದೆ ಒಂದು ರೂಪಾಯಿನೂ ಕಳಿಸಬೇಡಿ. ಬೆಂಗಳೂರಿನ ಇಂಥ ಒಬ್ಬ ಡೆಕೋರೇಟರ್ 8 ಜನರ ಕ್ರಿಸ್ಮಸ್ ಊಟಕ್ಕೆ ₹18,000 ಮಾತಾಡಿ, ₹10,000 ಅಡ್ವಾನ್ಸ್, ಅದರ ಮೇಲೆ ₹4,000 ಡೆಪಾಸಿಟ್ ತಗೊಂಡು, ನಮ್ಮ ಮನೆಗೆ ತಂದು ಸುರಿದದ್ದು ಹ್ಯಾಲೋವೀನ್ ಪಾರ್ಟಿಯಲ್ಲಿ ಉಳಿದ ಸಾಮಾನು.

ಕೇಳಿದ್ದರಲ್ಲಿ ಗೊಂದಲ ಇರಲಿಲ್ಲ. ಅಳತೆ ಸಮೇತ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದ್ದೆ. ಟೇಬಲ್ 6 ಅಡಿ ಉದ್ದ, 3 ಅಡಿ ಅಗಲ. ಹೊಳಪಿಲ್ಲದ ಕಪ್ಪು ವೆಲ್ವೆಟ್, ನಾಲ್ಕೂ ಕಡೆ 10 ಇಂಚು ಇಳಿಬೀಳಬೇಕು. ಕಂಚಿನ ಬಣ್ಣದ, ಲೋಹದ, ಐದು ಕವಲಿನ ಕ್ಯಾಂಡಲ್ ಸ್ಟ್ಯಾಂಡ್ ಎರಡು. ಕಪ್ಪು ಮೇಣದಬತ್ತಿ. ಕಡುಗೆಂಪು ಹೂವು, ಕಪ್ಪು ದ್ರಾಕ್ಷಿ, ಅಂಜೂರ, ಬಿಡಿಸಿದ ದಾಳಿಂಬೆ. "ತಲೆಬುರುಡೆ, ಜೇಡ, ಬಾವಲಿ ಯಾವುದೂ ಬೇಡ, ಇದು ಕ್ರಿಸ್ಮಸ್ ಊಟ" ಅಂತ ಬೇರೆ ಸಾಲಲ್ಲೇ ಬರೆದಿದ್ದೆ. "ಗಾಟ್ ಇಟ್ ಮೇಡಂ, ನಮ್ಮದು ಪ್ರೀಮಿಯಂ ಗೋಥಿಕ್" ಅಂತ ಉತ್ತರ ಬಂತು. ಆ ಮೆಸೇಜ್ ಇನ್ನೂ ನನ್ನ ಹತ್ತಿರ ಇದೆ.

ಗೋಥಿಕ್ ಅಂದರೆ ದೆವ್ವ ಭೂತ ಅಲ್ಲ. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್ ಒಳಗೆ ನಿಂತು ಮೇಲೆ ನೋಡಿದವರಿಗೆ ಗೊತ್ತು: ಚೂಪು ಕಮಾನು, ಎತ್ತರ, ಬಣ್ಣದ ಗಾಜಿನಿಂದ ಇಳಿಯೋ ಬೆಳಕು, ಮೂಲೆಯಲ್ಲಿ ನೆರಳು. ನಮ್ಮ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾನೂ ಅದೇ ಶೈಲಿ. ಅದನ್ನ ಊಟದ ಟೇಬಲ್‌ಗೆ ತರಬೇಕಾದರೆ ಬೆಳಕು ಹೀರಿಕೊಳ್ಳೋ ಬಟ್ಟೆ ಬೇಕು, ಬೆಳಕು ಹಿಡಿದು ಹೊಳೆಯೋ ಲೋಹ, ಗಾಜು ಬೇಕು, ಎತ್ತರದಲ್ಲಿ ಜ್ವಾಲೆ ಬೇಕು. ಇಷ್ಟೇ. ಇದು ಗೊತ್ತಿಲ್ಲದವರು ಗೋಥಿಕ್ ಅಂತ ಹೆಸರಿಟ್ಟು ದುಡ್ಡು ಯಾಕೆ ತಗೋಬೇಕು?

ಡಿಸೆಂಬರ್ 25ರ ಮಧ್ಯಾಹ್ನ ಇಬ್ಬರು ಹುಡುಗರು ಬಂದರು. ಚೀಲದಿಂದ ಮೊದಲು ಹೊರಗೆ ಬಂದದ್ದು ಹತ್ತಿಯ ಜೇಡರ ಬಲೆ. ಪ್ಯಾಕೆಟ್ ಮೇಲೆ ಹಲ್ಲು ಕಿರಿಯೋ ಕುಂಬಳಕಾಯಿ ಚಿತ್ರ, ₹149ರ ಚೀಟಿ ಇನ್ನೂ ಹಾಗೇ ಅಂಟಿಕೊಂಡಿದೆ. ಆಮೇಲೆ ಪ್ಲಾಸ್ಟಿಕ್ ತಲೆಬುರುಡೆ. ಫೋನ್ ಮಾಡಿದರೆ ಆ ಕಡೆಯಿಂದ ಏನು ಹೇಳಬೇಕು? "ಗೋಥಿಕ್ ಅಂದ್ರೆ ಇದೇ ಅಲ್ವಾ ಮೇಡಂ, ಎಲ್ಲಾರೂ ಇದನ್ನೇ ಕೇಳ್ತಾರೆ." ಹಬ್ಬದ ದಿನ ಕಪ್ಪು ಬಟ್ಟೆ ಹಾಸೋಕೆ ನಮ್ಮ ಅತ್ತೆಯನ್ನ ಒಪ್ಪಿಸಿದ್ದೇ ದೊಡ್ಡದು. ಅವರು ಆ ಬುರುಡೆ ನೋಡಿ ಮಾತಾಡದೆ ಒಳಗೆ ಹೋದರು. ಆ ನಾಚಿಕೆಗೆ ಯಾವ ರಿಫಂಡ್ ಕೊಡ್ತಾರೆ ಇವರು?

ಬಟ್ಟೆ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಎಲ್ಲಾರೂ ಮೋಸ ಹೋಗೋದು ಇಲ್ಲೇ. ಈ ಅಳತೆ ಟೇಬಲ್‌ಗೆ ಬಟ್ಟೆ 92 ಇಂಚು ಉದ್ದ, 56 ಇಂಚು ಅಗಲ ಇರಬೇಕು. 58 ಇಂಚು ಪನ್ನದ (ಅಂದರೆ ಬಟ್ಟೆಯ ಅಗಲದ) ವೆಲ್ವೆಟ್ ಎರಡೂವರೆ ಮೀಟರ್ ತಗೊಂಡರೆ ಅಂಚು ಮಡಚೋಕೂ ಸೇರಿ ಒಂದೇ ತುಂಡಲ್ಲಿ ಮುಗಿಯುತ್ತೆ. ಇವರು ತಂದದ್ದು ಡ್ರೆಸ್ ಹೊಲಿಯೋ ಎಳೆದರೆ ಹಿಗ್ಗೋ ವೆಲ್ವೆಟ್, ಪನ್ನ ಸಾಲದೆ ಉದ್ದಕ್ಕೂ ನಟ್ಟನಡುವೆ ಜೋಡಿಸಿದ್ದು. ವೆಲ್ವೆಟ್‌ಗೆ ರೋಮ, ಅಂದರೆ ಮೈಮೇಲಿನ ಸಣ್ಣ ಎಳೆಗಳು, ಮಲಗೋ ದಿಕ್ಕು ಅಂತ ಒಂದಿದೆ. ಎರಡು ತುಂಡನ್ನ ಎದುರುಬದುರು ದಿಕ್ಕಲ್ಲಿ ಹೊಲಿದರೆ ಒಂದು ಅರ್ಧ ಕಪ್ಪಗೆ, ಇನ್ನೊಂದು ಅರ್ಧ ಬೂದಿ ಬಣ್ಣ ಕಾಣುತ್ತೆ. ಹಾಗೇ ಕಂಡಿತು. ಜೋಡಿಸಲೇಬೇಕಾದರೆ ಪೂರ್ತಿ ತುಂಡು ಮಧ್ಯಕ್ಕಿಟ್ಟು, ಕಿರಿದಾದ ಪಟ್ಟಿಗಳನ್ನ ಎರಡೂ ಅಂಚಿಗೆ ಕೊಡಬೇಕು, ರೋಮ ಒಂದೇ ಕಡೆ ಮಲಗಬೇಕು. ಈ ಮಾತು ಹೇಳಿದ್ದಕ್ಕೆ ಉತ್ತರ: "ಲೈಟ್ ಆಫ್ ಮಾಡಿದ್ರೆ ಗೊತ್ತಾಗಲ್ಲ ಮೇಡಂ."

ಬಣ್ಣನೂ ಬಿಟ್ಟುಕೊಂಡಿತು. ಬಿಳಿ ನ್ಯಾಪ್ಕಿನ್‌ಗೆ, ಬಂದವರ ಶರ್ಟ್ ತೋಳಿಗೆಲ್ಲ ಕಪ್ಪು. ಬಿಳಿ ಕರ್ಚೀಫು ಒದ್ದೆ ಮಾಡಿ ಬಟ್ಟೆ ಮೇಲೆ ಹತ್ತು ಸಲ ಗಟ್ಟಿಯಾಗಿ ಉಜ್ಜಿ ನೋಡಿದರೆ ಸಾಕು, ಬಿಡೋ ಬಣ್ಣ ಅಲ್ಲೇ ಬಿಡುತ್ತೆ. ಬಾಡಿಗೆಗೆ ಕೊಡೋರು ಈ ಪರೀಕ್ಷೆಯನ್ನೂ ಮಾಡದೆ ಕೊಡ್ತಾರೆ ಅಂದರೆ ಏನು ಹೇಳೋದು.

ಕ್ಯಾಂಡಲ್ ಸ್ಟ್ಯಾಂಡ್ ಕೈಗೆತ್ತಿಕೊಂಡ ತಕ್ಷಣ ಗೊತ್ತಾಯ್ತು, ತೂಕವೇ ಇಲ್ಲ. ಪ್ಲಾಸ್ಟಿಕ್‌ಗೆ ಚಿನ್ನದ ಸ್ಪ್ರೇ. ಬತ್ತಿ ಕೂರೋ ಗುಂಡಿ ದೊಡ್ಡದು, ಬತ್ತಿ ಸಣ್ಣದು. ಉದ್ದನೆ ಬತ್ತಿಯ ಸಾಮಾನ್ಯ ದಪ್ಪ 22 ಮಿಲಿಮೀಟರ್. ಇವರ ಬತ್ತಿ ಅದಕ್ಕಿಂತ ತೆಳ್ಳಗಿತ್ತು, ಅಲ್ಲಾಡಬಾರದು ಅಂತ ಗುಂಡಿಗೆ ಟಿಶ್ಯೂ ಪೇಪರ್ ತುರುಕಿದ್ದರು! ಟಿಶ್ಯೂ, ಅದರ ಸುತ್ತ ಪ್ಲಾಸ್ಟಿಕ್, ಪಕ್ಕದಲ್ಲಿ ಹತ್ತಿ ಬಲೆ, ಕೆಳಗೆ ಪಾಲಿಯೆಸ್ಟರ್ ಬಟ್ಟೆ. ಬತ್ತಿ ಬುಡದವರೆಗೆ ಉರಿದಿದ್ದರೆ ಏನಾಗ್ತಿತ್ತು ಅಂತ ಯೋಚಿಸಿ. ಸಡಿಲ ಇದ್ದರೆ ಬತ್ತಿಯ ಬುಡಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಬೇಕು, ಕಾಗದ ಯಾವತ್ತೂ ಅಲ್ಲ. ಎತ್ತರನೂ ತಪ್ಪು: ಜ್ವಾಲೆ ಟೇಬಲ್‌ ಮೇಲಿಂದ 12 ಇಂಚಿಗಿಂತ ಕಡಿಮೆ ಎತ್ತರದಲ್ಲಿರಬೇಕು, ಇಲ್ಲಾ 24 ಇಂಚಿಗಿಂತ ಹೆಚ್ಚು ಎತ್ತರದಲ್ಲಿರಬೇಕು. ನಡುವೆ ಇದ್ದರೆ ಎದುರಿಗೆ ಕೂತವರ ಕಣ್ಣಿಗೇ ಹೊಡೆಯುತ್ತೆ. ಇವರದ್ದು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬಂತು.

ಆ ಕಪ್ಪು ಬತ್ತಿಯದೂ ಒಂದು ಕಥೆ. ಒಳ್ಳೆ ಕಪ್ಪು ಬತ್ತಿಯನ್ನ ಕರಗೋ ಬಣ್ಣ ಹಾಕಿ ಮಾಡ್ತಾರೆ, ಇಲ್ಲಾ ಬಿಳಿ ಬತ್ತಿಗೆ ಹೊರಗಡೆ ಮಾತ್ರ ಕಪ್ಪು ಪದರ ಕೊಡ್ತಾರೆ. ಅಗ್ಗದ್ದರಲ್ಲಿ ಮೇಣಕ್ಕೆಲ್ಲ ಪುಡಿ ಬಣ್ಣ ಕಲಸಿರ್ತಾರೆ. ಆ ಪುಡಿ ಒಳಗಿನ ನೂಲಲ್ಲಿ ಸಿಕ್ಕಿಕೊಂಡು ಮೇಣ ಮೇಲೆ ಏರಲ್ಲ, ಜ್ವಾಲೆ ಕುಗ್ಗಿ ಆರಿಹೋಗುತ್ತೆ, ಹೊಗೆ ಕಾರುತ್ತೆ. ನಮಗೆ ಬಂದದ್ದು ಇದೇ. ಮತ್ತೆ ಮತ್ತೆ ಹಚ್ಚಬೇಕಾಯ್ತು, ಕರಿ ಮೇಣ ಬಟ್ಟೆ ಮೇಲೆಲ್ಲ ಇಳಿಯಿತು. ಈ ಮೇಣದ ವಿಷಯ ನೆನಪಿಡಿ, ಮುಂದೆ ಬರುತ್ತೆ.

ಹೂವು: ಕಪ್ಪು ಸ್ಪ್ರೇ ಪೇಂಟ್ ಹೊಡೆದ ಗುಲಾಬಿ. ಊಟದ ಟೇಬಲ್ ಮೇಲೆ ಪೇಂಟ್ ವಾಸನೆ! ನಿಜವಾದ ಕಪ್ಪು ಗುಲಾಬಿ ಅಂತ ಇಲ್ಲವೇ ಇಲ್ಲ. "ಬ್ಲಾಕ್ ಬಕಾರಾ" ಅನ್ನೋ ಗುಲಾಬಿ ತಳಿನೂ ಕಡು ಕೆಂಪೇ. ನಮ್ಮ ಕೆ.ಆರ್. ಮಾರ್ಕೆಟ್‌ನಲ್ಲಿ ಸಿಗೋ ತಾಜ್‌ಮಹಲ್ ಗುಲಾಬಿ 20ರ ಕಟ್ಟು ಎರಡು, ಕಡುಗೆಂಪು ಕೋಳಿಜುಟ್ಟು ಒಂದಷ್ಟು, ಹಿಂದಿನ ರಾತ್ರಿಯೇ ಕಾಂಡ ಓರೆಯಾಗಿ ಕತ್ತರಿಸಿ ಬಕೆಟ್ ನೀರಲ್ಲಿ ಇಟ್ಟರೆ ಮಾರನೇ ದಿನ ರಾತ್ರಿಯವರೆಗೂ ಬಾಡಲ್ಲ. ಕೋಳಿಜುಟ್ಟಿಗೆ ವೆಲ್ವೆಟ್‌ನಂಥದ್ದೇ ಮೈ, ಕಪ್ಪು ಬಟ್ಟೆ ಮೇಲೆ ಅದರಷ್ಟು ಚೆನ್ನಾಗಿ ಕೂರೋ ಹೂವು ಇನ್ನೊಂದಿಲ್ಲ. "ಬ್ಲಾಕ್ ಅಂತ ನೀವೇ ಹೇಳಿದ್ರಿ" ಅಂದರು. ನಾನು ಬರೆದದ್ದು ಕಡುಗೆಂಪು. ಸ್ಕ್ರೀನ್‌ಶಾಟ್ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಜಾಗದ ಲೆಕ್ಕನೂ ಇವರಿಗೆ ಗೊತ್ತಿಲ್ಲ. ಊಟದ ತಟ್ಟೆ ಕೆಳಗಿಡೋ ದೊಡ್ಡ ತಟ್ಟೆ 13 ಇಂಚು, ಅಂಚಿಂದ 1 ಇಂಚು ಒಳಗೆ ಇಟ್ಟರೆ ಎರಡೂ ಬದಿ ಸೇರಿ 28 ಇಂಚು ಹೋಯಿತು. ಟೇಬಲ್‌ನ 36 ಇಂಚು ಅಗಲದಲ್ಲಿ ಮಧ್ಯಕ್ಕೆ ಉಳಿಯೋದು 8 ಇಂಚು. ಅದರೊಳಗೆ ಹೂವು, ಹಣ್ಣು, ಸ್ಟ್ಯಾಂಡ್ ಎಲ್ಲಾ ಕೂರಬೇಕು. ಇವರು ತಂದ ಹೂವಿನ ತಟ್ಟೆಯೇ 14 ಇಂಚು. ಕೊನೆಗೆ ಅನ್ನದ ಪಾತ್ರೆ ಇಡೋಕೂ ಜಾಗ ಇರಲಿಲ್ಲ. ದ್ರಾಕ್ಷಿ, ಅಂಜೂರ, ದಾಳಿಂಬೆ? ಬರಲೇ ಇಲ್ಲ. "ಸೀಸನ್ ರಷ್ ಮೇಡಂ."

ಬೆಳಕಿನ ಬಗ್ಗೆ ಒಂದೇ ಮಾತು: 6500 ಕೆಲ್ವಿನ್ ಬಿಳಿ ಟ್ಯೂಬ್‌ಲೈಟ್ ಕೆಳಗೆ ಎಂಥ ಕಪ್ಪು ವೆಲ್ವೆಟ್ಟೂ ನೀಲಿ ಹೊಡೆಯುತ್ತೆ, 2700ರ ಹಳದಿ ಬಲ್ಬ್ ಹಾಕಿ.

ಈಗ ಆ ಮೇಣದ ವಿಷಯ. ಡೆಪಾಸಿಟ್ ₹4,000 ವಾಪಸ್ ಕೇಳಿದರೆ ಬಂದದ್ದು ಬಟ್ಟೆಯ ಫೋಟೋ, ಕರಿ ಮೇಣದ ಕಲೆಗೆ ಕೆಂಪು ಸುತ್ತು ಹಾಕಿ. "ಡ್ಯಾಮೇಜ್ ಚಾರ್ಜ್ ಕಟ್ ಆಗಿದೆ." ಬತ್ತಿ ನಿಮ್ಮದು, ಸ್ಟ್ಯಾಂಡ್ ನಿಮ್ಮದು, ನಿಲ್ಲಿಸಿದ್ದೂ ನಿಮ್ಮ ಹುಡುಗರು ಅಂದೆ. "ಹಚ್ಚಿದ್ದು ನೀವು ತಾನೆ ಮೇಡಂ." ಈ ಸಾಲು ಓದಿದಾಗ ಕೈ ನಡುಗಿತು. ಮೇಣದಬತ್ತಿ ಹಚ್ಚೋದಕ್ಕಲ್ಲದೆ ಇನ್ನೇನಕ್ಕೆ ಕೊಡ್ತಾರೆ? ವೆಲ್ವೆಟ್ ಮೇಲಿನ ಮೇಣ ಹೋಗದ ಕಲೆಯೂ ಅಲ್ಲ. ಐಸ್ ಇಟ್ಟು ಗಟ್ಟಿ ಮಾಡಿ ಉದುರಿಸಬೇಕು, ಉಳಿದದ್ದಕ್ಕೆ ಮೇಲೆ ಖಾಕಿ ಕಾಗದ ಒತ್ತಿ ಹಿಂಬದಿಯಿಂದ ಹಬೆ ಕೊಡಬೇಕು. ನೇರ ಇಸ್ತ್ರಿ ಇಟ್ಟರೆ ರೋಮ ಸತ್ತುಹೋಗುತ್ತೆ. ಇದನ್ನ ನಾನು ಹೇಳಿಕೊಟ್ಟೆ. ಅವರಿಗೆ ಬಟ್ಟೆ ಬೇಕಿರಲಿಲ್ಲ, ಡೆಪಾಸಿಟ್ ಬೇಕಿತ್ತು.

ಮತ್ತೆ ಆ ಮೊದಲ ಫೋಟೋಗಳು? ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಹೊರದೇಶದ ಡೆಕೋರ್ ಪೇಜ್‌ಗಳಲ್ಲಿ ಸಿಕ್ಕವು. ಕೇಳಿದ್ದಕ್ಕೆ "ಅದು ರೆಫರೆನ್ಸ್ ಮೇಡಂ, ಸಿಮಿಲರ್ ಲುಕ್ ಅಂತ ಹೇಳಿದ್ವಲ್ಲಾ." ಯಾವಾಗ ಹೇಳಿದರು? ಚಾಟ್‌ನಲ್ಲಿ ಆ ಪದವೇ ಇಲ್ಲ.

ಹಾಗಾಗಿ: ಬಿಲ್ ಇಲ್ಲದೆ ಯುಪಿಐ ಮಾಡಬೇಡಿ. ಅವರದೇ ಸಾಮಾನಿನ ವಿಡಿಯೋ, ನಿಮ್ಮ ಹೆಸರು ಬರೆದ ಚೀಟಿ ಪಕ್ಕದಲ್ಲಿಟ್ಟು ತೆಗೆದದ್ದು, ಕೇಳಿ. ಮೇಣ ಬಿದ್ದರೆ ಡೆಪಾಸಿಟ್ ಕತ್ತರಿಸಲ್ಲ ಅಂತ ಬರೆಸಿಕೊಳ್ಳಿ. ಮೋಸ ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನೀವು ಅವರಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ. ನಾನು ದೂರು ಕೊಟ್ಟಿದ್ದೀನಿ, ಬಿಡಲ್ಲ.

ಈಗ ಆ ಪೇಜ್‌ನಲ್ಲಿ ನಮ್ಮ ಮನೆ ಟೇಬಲ್‌ನ ಫೋಟೋವನ್ನೇ ಹಾಕಿದ್ದಾರೆ, ಬುರುಡೆ ಕಾಣದ ಹಾಗೆ ಕತ್ತರಿಸಿ, ಫಿಲ್ಟರ್ ಹಾಕಿ, "ಹ್ಯಾಪಿ ಕ್ಲೈಂಟ್" ಅಂತ. ಬಟ್ಟೆಯ ಒಂದು ಅರ್ಧ ಕಪ್ಪು, ಇನ್ನೊಂದು ಅರ್ಧ ಬೂದಿ ಇರೋ ಗೋಥಿಕ್ ಟೇಬಲ್ ಕಂಡರೆ ಅದು ನಮ್ಮದೇ, ಅವರೇ ಇವರು. ತೆಗೀರಿ ಅಂತ ಹೇಳಿದ್ದಕ್ಕೆ ಬಂದ ಉತ್ತರ: "ಟ್ಯಾಗ್ ಮಾಡ್ಲಾ ಮೇಡಂ?"